ಶೃಂಗಾರಸಾಮಗ್ರಿಯ ಶುದ್ಧಾಶುದ್ಧ ವಿಚಾರ

ಸಾಬೂನು, ಸ್ನೋ, ಪೌಡರು, ತುಟಿರಂಗು ಮೊದಲಾದವುಗಳ ಡಬ್ಬಿಯ ಮೇಲೆ ಈಚೆಗೆ ಧರ್ಮದ ಮಾತುಗಳು ಅಚ್ಚಾಗಿ ಬರತೊಡಗಿವೆ. ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂದು ಒಂದು ಕಂಪನಿ ಸಾರಿದರೆ, ‘ಶುದ್ಧ ಸಸ್ಯಜನ್ಯ’ ಎಂದು ಇನ್ನೊಂದು, ‘ನಿಸರ್ಗಸ್ನೇಹಿ’ ಎಂದು ಮತ್ತೊಂದು. ಹಿಂದೆ ಪರಿಮಳವನ್ನಷ್ಟೇ ಮಾರುತ್ತಿದ್ದವರು ಈಗ ಪುಣ್ಯವನ್ನೂ ಅದರೊಡನೆ ಮಾರುತ್ತಿದ್ದಾರೆಂದರೆ ತಪ್ಪಾಗಲಾರದು. ಗಂಗಾವತಿಯ ಪೇಟೆಯಲ್ಲಿ ಅಂಗಡಿಯ ಮುಂದೆ ನಿಂತು ಇವನ್ನು ಓದುವ ಲಿಂಗವಂತ ಗೃಹಿಣಿಯ ಮನದಲ್ಲಿ ಎರಡು ಸಂದೇಹಗಳು ಏಳುವದು ಸಹಜ. ಈ ಮಾತು ನಿಜವೇ? ನಿಜವಾದರೂ ಅಷ್ಟರಿಂದಲೇ ಆ ಕಂಪನಿಯು ಸದಾಚಾರಿಯೆನಿಸಿಕೊಂಡಿತೇ? ಇವು ಕೇವಲ ಪೇಟೆಯ ಪ್ರಶ್ನೆಗಳಲ್ಲ. ಶರಣರ ಆಚಾರವಿಚಾರವನ್ನು ನಂಬಿ ನಡೆಯುವವರಿಗೆ ಇವು ನಿತ್ಯದ ಪೂಜೆಗೂ ಸಂಬಂಧಿಸಿದ ಪ್ರಶ್ನೆಗಳು.

ಶರಣಧರ್ಮಕ್ಕೂ ಶೃಂಗಾರಕ್ಕೂ ಏನು ಸಂಬಂಧ, ಅದನ್ನು ಬಿಟ್ಟುಬಿಡುವದೇ ಲೇಸಲ್ಲವೇ, ಎಂದು ಕೆಲವರು ಕೇಳಬಹುದು. ಬಿಡಬಲ್ಲವರು ಬಿಡಲಿ, ಅದು ಒಳ್ಳೆಯದೇ. ಆದರೆ ನಮ್ಮದು ದೇಹವನ್ನು ಹಳಿದು ದಂಡಿಸುವ ಮಾರ್ಗವಲ್ಲ. ಲಿಂಗವು ನೆಲೆಸುವ ಠಾವು ಎಂಬ ಕಾರಣದಿಂದ ಶರಣರು ಅಂಗವನ್ನು ಗೌರವಿಸಿದರು. ಹಣೆಗೆ ಧರಿಸುವ ವಿಭೂತಿಯೂ ಲೇಪನವೇ, ಅರ್ಚನೆಯಲ್ಲಿ ಲಿಂಗಕ್ಕೆ ಸಮರ್ಪಿಸುವ ಗಂಧವೂ ಲೇಪನವೇ. ಮೈ ತೊಳೆಯದ, ತಲೆಗೆ ಎಣ್ಣೆ ಹಚ್ಚದ ಮನೆಯಾದರೂ ಎಲ್ಲಿದೆ? ಆದಕಾರಣ ‘ನಾವು ಶೃಂಗಾರದವರಲ್ಲ’ ಎಂದು ಹೇಳಿ ಈ ವಿಚಾರದಿಂದ ನುಣುಚಿಕೊಳ್ಳುವಂತಿಲ್ಲ.

ಇಲ್ಲಿ ನಮಗೆ ಆಧಾರವಾಗುವದು ಅರ್ಪಿತದ ತತ್ತ್ವ. ಗಂಧ, ರಸ, ರೂಪ, ಸ್ಪರ್ಶ, ಶಬ್ದ, ತೃಪ್ತಿಗಳೆಂಬ ರೂಪದಲ್ಲಿ ಇಂದ್ರಿಯಗಳಿಗೆ ಒದಗುವದೆಲ್ಲವೂ ಮೊದಲು ಪದಾರ್ಥ, ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದ. ಅನರ್ಪಿತವನ್ನು ಭಕ್ತನು ಭೋಗಿಸನು. ಈ ಮಾತನ್ನು ನಾವು ಸಾಮಾನ್ಯವಾಗಿ ಎಡೆಯ ಅನ್ನಕ್ಕೆ ಮಾತ್ರ ಹೊಂದಿಸುತ್ತೇವೆ. ಸಾಬೂನಿನ ಗಂಧವೂ ಗಂಧವೇ, ಎಣ್ಣೆಯ ಸ್ಪರ್ಶವೂ ಸ್ಪರ್ಶವೇ ಎಂಬುದು ನೆನಪಿಗೆ ಬರುವದಿಲ್ಲ. ಅರ್ಪಿಸುವ ವಸ್ತುವು ಸತ್ಯಶುದ್ಧ ಕಾಯಕದಿಂದ ಬಂದಿರಬೇಕೆಂಬುದು ಶರಣರು ಹಾಕಿದ ಕಟ್ಟು. ಕಳವಿನ ಹೂವು, ಕಣ್ಣೀರಿನ ಅನ್ನ ಲಿಂಗಕ್ಕೆ ಸಲ್ಲವು. ಹಾಗಾದರೆ ಕಳವಿನ ಗಂಧವು ಸಲ್ಲುವದೇ? ಕೂಸಿನ ಕೈಯಿಂದ ನೆಲ ಬಗೆಸಿ ತಂದ ಹೊಳಪು ಸಲ್ಲುವದೇ?

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಕಟ್ಟನ್ನು ಪಾಲಿಸುವದು ಇಷ್ಟು ಜಟಿಲವಾಗಿರಲಿಲ್ಲ. ಎಣ್ಣೆ ಗಾಣಿಗನದು, ಬಟ್ಟೆ ನೇಕಾರನದು, ಪಾದರಕ್ಷೆ ಮಾದಾರನದು. ಮಾಡಿದವನಿಗೂ ಕೊಂಡವನಿಗೂ ನಡುವೆ ಒಂದು ಓಣಿಯ ಅಂತರ. ಇಂದು ಒಂದು ಸಣ್ಣ ಕ್ರೀಮಿನ ಡಬ್ಬಿಯಲ್ಲಿ ಮಲೇಶಿಯಾದ ತಾಳೆಯೆಣ್ಣೆ, ಝಾರಖಂಡದ ಕಾಗೆಬಂಗಾರ, ಯಾವುದೋ ನಗರದ ರಸಾಯನ, ಇನ್ನಾವುದೋ ಊರಿನ ಡಬ್ಬಿ, ಮುಂಬಯಿಯ ಜಾಹೀರಾತು ಎಲ್ಲವೂ ಕೂಡಿರಬಹುದು. ಪ್ರಶ್ನೆ ಹಳೆಯದೇ, ದಾರಿ ಮಾತ್ರ ದೂರವಾಯಿತು.

ಈ ಹಳೆಯ ಪ್ರಶ್ನೆಯನ್ನು ಅತ್ಯಂತ ತೀಕ್ಷ್ಣವಾಗಿ ಕೇಳಿದವಳು ಆಯ್ದಕ್ಕಿ ಲಕ್ಕಮ್ಮ. ಆ ದಂಪತಿಗಳು ನಮಗೆ ದೂರದವರಲ್ಲ, ಇಂದಿನ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವದು ಮಾರಯ್ಯನ ಕಾಯಕ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮ ಅದನ್ನು ಕಂಡು ಹಿಗ್ಗಲಿಲ್ಲ, ಎಲ್ಲಿಂದ ಬಂತೆಂದು ವಿಚಾರಿಸಿದಳು, ಹೆಚ್ಚಿನದು ನಮಗೆ ಸಲ್ಲದೆಂದು ಒಯ್ದು ಅಲ್ಲಿಯೇ ಸುರಿದು ಬರಲು ಹೇಳಿದಳು. ಅದನ್ನು ಬಸವಣ್ಣನವರೇ ಕರುಣೆಯಿಂದ ಹೆಚ್ಚಾಗಿ ಚೆಲ್ಲಿಸಿದ್ದರೆಂದೂ ಹೇಳುವದುಂಟು.

ಈ ಕಥೆಯನ್ನು ನಾವು ಅತಿಯಾಸೆಯ ಖಂಡನೆಯೆಂದು ಹೇಳಿ ಮುಗಿಸಿಬಿಡುತ್ತೇವೆ. ಅದು ಸರಿಯೇ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಬೇಕಾದ ಎರಡು ಅಂಶಗಳು ಅದರಲ್ಲಿ ಅಡಗಿವೆ. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಹುಳುವಿರಲಿಲ್ಲ, ವಸ್ತು ನಿರ್ದೋಷ. ಲಕ್ಕಮ್ಮ ಕೇಳಿದ್ದು ಅಕ್ಕಿಯ ಗುಣವನ್ನಲ್ಲ, ಅದು ಬಂದ ಬಗೆಯನ್ನು. ಇಂದಿನ ಡಬ್ಬಿಗಳು ವಸ್ತುಗುಣವನ್ನೇ ಹಾಡುತ್ತವೆ, ಬಂದ ಬಗೆಯನ್ನು ಹೇಳುವದು ಅಪರೂಪ. ಇನ್ನೊಂದು, ಅಂಗಳವು ಬಸವಣ್ಣನವರದು. ಅವರ ಹೆಸರಿಗಿಂತ ದೊಡ್ಡ ಹೆಸರು ಆ ಕಲ್ಯಾಣದಲ್ಲಿ ಯಾವುದಿತ್ತು? ಆ ಹೆಸರೂ ಲಕ್ಕಮ್ಮನ ಪ್ರಶ್ನೆಯನ್ನು ತಡೆಯಲಿಲ್ಲ. ಹೀಗಿರಲು ಒಂದು ಸಾಬೂನಿನ ಹೆಸರು ನಮ್ಮನ್ನು ತಡೆಯಬೇಕೇ?

ಮೊದಲು ಪ್ರಾಣಿಗಳ ಮಾತನ್ನು ನೋಡೋಣ. 1944ರಲ್ಲಿ ಅಮೆರಿಕದ ಡ್ರೇಜ್ ಎಂಬ ವಿಜ್ಞಾನಿಯು ಪ್ರಸಾಧನದ್ರವ್ಯಗಳನ್ನು ಮೊಲದ ಕಣ್ಣಿನಲ್ಲಿ ಹಾಕಿ ಉರಿ ಎಷ್ಟೆಂದು ಅಳೆಯುವ ಪದ್ಧತಿಯನ್ನು ಪ್ರಕಟಿಸಿದನು. ಎಷ್ಟೋ ದಶಕಗಳ ಕಾಲ ಅದು ಲೋಕದಲ್ಲೆಲ್ಲ ನಡೆಯಿತು. ದಯೆಯೇ ಧರ್ಮದ ಬೇರೆಂದು ನಂಬಿದವರಿಗೆ ಇದನ್ನು ಕೇಳಿದರೆ ಮೈ ಜುಮ್ಮೆನ್ನದೆ ಇರದು. ಸಂತೋಷದ ಸಂಗತಿಯೆಂದರೆ ಭಾರತ ಸರಕಾರವು 2014ರಲ್ಲಿ ಪ್ರಸಾಧನಗಳಿಗಾಗಿ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡುವದನ್ನು ನಿಷೇಧಿಸಿತು, ಅದೇ ವರ್ಷದ ಕೊನೆಗೆ ಹಾಗೆ ಪರೀಕ್ಷಿಸಿದ ಸಾಮಗ್ರಿಯ ಆಮದನ್ನೂ ನಿಲ್ಲಿಸಿತು. ಯುರೋಪಿನ ಒಕ್ಕೂಟವು 2013ರಲ್ಲಿಯೇ ಇಂಥ ಸಾಮಗ್ರಿಯ ಮಾರಾಟವನ್ನು ಪೂರ್ಣವಾಗಿ ತಡೆದಿತ್ತು. ಹೀಗಿರುವಾಗ ನಮ್ಮ ದೇಶದಲ್ಲಿಯೇ ತಯಾರಾಗಿ ಇಲ್ಲಿಯೇ ಮಾರಾಟವಾಗುವ ಒಂದು ಪೌಡರಿನ ಡಬ್ಬಿ ‘ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಹೇಳಿಕೊಳ್ಳುವದು, ‘ನಾನು ಕಳವು ಮಾಡಿಲ್ಲ’ ಎಂದು ಹಣೆಗೆ ಚೀಟಿ ಅಂಟಿಸಿಕೊಂಡು ಸಂತೆಗೆ ಬಂದಂತೆ. ಕಳವು ಮಾಡದಿರುವದು ಒಳ್ಳೆಯದೇ, ಆದರೆ ಕಾಯಿದೆಯ ಭಯದಿಂದ ಬಿಟ್ಟದ್ದನ್ನು ವ್ರತವೆನ್ನಬಾರದು.

ಹಾಗೆಂದು ಎಲ್ಲ ಚಿಹ್ನೆಗಳೂ ಪೊಳ್ಳಲ್ಲ. 1996ರಲ್ಲಿ ಪ್ರಾಣಿದಯಾ ಸಂಸ್ಥೆಗಳು ಕೂಡಿ ‘ಲೀಪಿಂಗ್ ಬನ್ನಿ’ ಎಂಬ ನೆಗೆಯುವ ಮೊಲದ ಗುರುತನ್ನು ಹೊರಡಿಸಿದವು. ಆ ಗುರುತಿಗೆ ಕಂಪನಿಯು ತನಗೆ ಕಚ್ಚಾವಸ್ತು ಒದಗಿಸುವವರ ಲೆಕ್ಕವನ್ನೂ ಕೊಡಬೇಕು, ಹೊರಗಿನವರ ತಪಾಸಣೆಗೆ ಒಳಪಡಬೇಕು. ಆದರೆ ಮೊಲದ ಚಿತ್ರವನ್ನು ಬರೆಯಲು ಯಾವ ಚಿತ್ರಗಾರನಿಗೂ ಅಡ್ಡಿಯಿಲ್ಲ. ಯಾರದೂ ತಪಾಸಣೆಯಿಲ್ಲದೆ ತಾನೇ ಬರೆಸಿಕೊಂಡ ಮೊಲಗಳು ಪೇಟೆಯಲ್ಲಿ ಸಾಕಷ್ಟಿವೆ. ತನ್ನ ಶೀಲವನ್ನು ತಾನೇ ಹೊಗಳಿಕೊಳ್ಳುವದಕ್ಕೂ ಬಲ್ಲವರ ಮುಂದೆ ಒರೆಗೆ ಹಚ್ಚಿಸಿಕೊಳ್ಳುವದಕ್ಕೂ ಇರುವ ಭೇದವೇ ಇದು.

ನಮ್ಮವರು ಇದಕ್ಕಿಂತಲೂ ಹೆಚ್ಚು ಚಿಂತಿಸುವದು ಸಾಬೂನಿನಲ್ಲಿ ಕೊಬ್ಬಿದೆಯೇ ಎಂಬುದನ್ನು. ಆ ಚಿಂತೆಗೆ ಕಾರಣವಿದೆ. 1983ರಲ್ಲಿ ವನಸ್ಪತಿಯಲ್ಲಿ ದನದ ಕೊಬ್ಬು ಬೆರೆಸಿದ ಸುದ್ದಿ ದೇಶವನ್ನೇ ಕಲಕಿದ್ದು ಹಿರಿಯರಿಗೆ ನೆನಪಿರಬಹುದು. ಇಲ್ಲಿ ತಿಳಿಯುವದು ಕಷ್ಟವಲ್ಲ, ಸಣ್ಣ ಅಕ್ಷರ ಓದುವ ತಾಳ್ಮೆ ಬೇಕು ಅಷ್ಟೆ. ಪದಾರ್ಥಗಳ ಪಟ್ಟಿಯಲ್ಲಿ ‘ಸೋಡಿಯಂ ಟ್ಯಾಲೋವೇಟ್’ ಎಂದಿದ್ದರೆ ಅದು ಪ್ರಾಣಿಯ ಕೊಬ್ಬಿನ ಸಾಬೂನು. ‘ಸೋಡಿಯಂ ಪಾಮೇಟ್’ ತಾಳೆಯೆಣ್ಣೆಯದು, ‘ಸೋಡಿಯಂ ಕೊಕೊಯೇಟ್’ ಕೊಬ್ಬರಿಯೆಣ್ಣೆಯದು. ತುಟಿರಂಗಿನಲ್ಲಿ ‘ಕಾರ್ಮೈನ್’ ಅಥವಾ 75470 ಎಂಬ ಅಂಕೆಯಿದ್ದರೆ ಆ ಕೆಂಪು ಒಂದು ಜಾತಿಯ ಹುಳುವಿನದು; ಒಂದು ಪೌಂಡು ಬಣ್ಣಕ್ಕೆ ಸುಮಾರು 70,000 ಹುಳುಗಳು ಬೇಕಾಗುವವೆಂದು ಲೆಕ್ಕ. ‘ಲ್ಯಾನೋಲಿನ್’ ಎಂಬುದು ಕುರಿಯ ಉಣ್ಣೆಯ ಜಿಡ್ಡು. ಅದಕ್ಕಾಗಿ ಕುರಿಯನ್ನು ಕೊಲ್ಲುವದಿಲ್ಲ, ಉಣ್ಣೆಯನ್ನು ತೊಳೆಯುವಾಗ ಬರುತ್ತದೆ. ಇದಿಷ್ಟು ತಿಳಿದರೆ ಆ ಸಂದೇಹದ ಬಹುಭಾಗ ಪರಿಹಾರವಾಗುತ್ತದೆ. ಆದರೆ ಇಲ್ಲಿಯೇ ಒಂದು ಅಪಾಯವೂ ಇದೆ. ಕೊಬ್ಬಿಲ್ಲವೆಂದು ಗೊತ್ತಾದೊಡನೆ ನಾವು ‘ಶುದ್ಧ’ ಎಂದು ನಿಟ್ಟುಸಿರು ಬಿಡುತ್ತೇವೆ. ನಮ್ಮ ಶುದ್ಧಿಯ ಭಾವನೆ ನಾಲಗೆ ಮತ್ತು ಹೊಟ್ಟೆಗಳಿಗೆ ಅಂಟಿಕೊಂಡುಬಿಟ್ಟಿದೆ. ಮನುಷ್ಯನಿಗೆ ಹಿಂಸೆಯಾದರೆ ಡಬ್ಬಿಯ ಮೇಲೆ ಯಾವ ಬಣ್ಣದ ಚುಕ್ಕೆಯೂ ಬೀಳುವದಿಲ್ಲ.

ಕಾಗೆಬಂಗಾರದ ಕಥೆಯು ಇದಕ್ಕೆ ನಿದರ್ಶನ. ಅಭ್ರಕವೆಂದೂ ಮೈಕಾ ಎಂದೂ ಕರೆಯುವ ಈ ಖನಿಜವನ್ನು ಪುಡಿ ಮಾಡಿ ಕಣ್ಣಿನ ಬಣ್ಣ, ತುಟಿರಂಗು, ಕೆನ್ನೆಯ ಪೌಡರುಗಳಲ್ಲಿ ಮಿನುಗಿಗಾಗಿ ಬೆರೆಸುತ್ತಾರೆ. ಪಟ್ಟಿಯಲ್ಲಿ ಅದು ‘ಮೈಕಾ’ ಎಂದೋ 77019 ಎಂದೋ ಇರುತ್ತದೆ. ಪ್ರಾಣಿಜನ್ಯವಲ್ಲ, ಚರ್ಮಕ್ಕೆ ಅಪಾಯವಿಲ್ಲ, ಭೂಮಿಯಿಂದ ಬಂದದ್ದಾದ್ದರಿಂದ ‘ನೈಸರ್ಗಿಕ’ ಎಂದು ಹೇಳಿಕೊಳ್ಳಲೂ ಅಡ್ಡಿಯಿಲ್ಲ. ಅದು ಹೆಚ್ಚಾಗಿ ದೊರೆಯುವದು ಝಾರಖಂಡದ ಕೋಡರ್ಮಾ, ಗಿರಿಡೀಹ ಮತ್ತು ಅದಕ್ಕೆ ಹತ್ತಿದ ಬಿಹಾರದ ಭಾಗಗಳಲ್ಲಿ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯ ತರುವಾಯ ಅಲ್ಲಿಯ ಅನೇಕ ಗಣಿಗಳು ಮುಚ್ಚಿದವು. ಗಣಿ ಮುಚ್ಚಿತೇ ಹೊರತು ಹಸಿವು ಮುಚ್ಚಲಿಲ್ಲ. ಬಿಟ್ಟುಹೋದ ಹಳೆಯ ಕುಣಿಗಳಲ್ಲಿ, ಮಣ್ಣಿನ ರಾಶಿಗಳಲ್ಲಿ ತಾಯಿತಂದೆಗಳೂ ಅವರೊಡನೆ ಮಕ್ಕಳೂ ಕೂತು ಮೈಕಾ ಚೂರುಗಳನ್ನು ಹೆಕ್ಕಿ ಬುಟ್ಟಿಗೆ ತುಂಬುತ್ತಾರೆ. ಪರವಾನಿಗೆಯಿಲ್ಲದ ಗಣಿಯಾದ್ದರಿಂದ ದಫ್ತರದಲ್ಲಿ ಅವರ ಹೆಸರಿಲ್ಲ, ಕುಣಿ ಕುಸಿದರೆ ಸತ್ತವರ ಹೆಸರೂ ಇಲ್ಲ. ಎರಡು ತಿಂಗಳಲ್ಲಿ ಏಳು ಮಕ್ಕಳು ಹೀಗೆ ಸತ್ತು ಸಾವುಗಳು ಮುಚ್ಚಿಹೋದ ಸಂಗತಿಯನ್ನು 2016ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ವರದಿಗಾರರು ಹೊರಗೆಡವಿದರು.

ಮಾರಯ್ಯನೂ ಆಯುತ್ತಿದ್ದನು, ಈ ಮಕ್ಕಳೂ ಆಯುತ್ತಾರೆ. ಕೈಯ ಚಲನೆ ಒಂದೇ. ಆತನದು ಕಾಯಕವಾಯಿತು, ಇವರದು ಏಕೆ ಆಗಲಿಲ್ಲ? ಮಾರಯ್ಯನು ಆಯುವದನ್ನು ತಾನೇ ಆರಿಸಿಕೊಂಡಿದ್ದನು, ಸಾಕೆನ್ನುವ ಸ್ವಾತಂತ್ರ್ಯ ಅವನಿಗೂ ಅವನ ಹೆಂಡತಿಗೂ ಇತ್ತು, ಆಯ್ದದ್ದು ದಾಸೋಹಕ್ಕೆ ಸಲ್ಲುತ್ತಿತ್ತು. ಕೋಡರ್ಮಾದ ಕೂಸಿಗೆ ಬೇಡವೆನ್ನುವ ಬಾಯಿಲ್ಲ, ಅದು ಆಯ್ದದ್ದು ಹತ್ತು ಕೈ ದಾಟಿ ಬೆಲೆ ಏರಿಸಿಕೊಂಡು ಯಾರದೋ ರೆಪ್ಪೆಯ ಮೇಲೆ ಮಿನುಗುತ್ತದೆ. ಕಾಯಕತತ್ತ್ವವನ್ನು ದುಡಿಮೆಯ ಹೊಗಳಿಕೆಯೆಂದು ಮಾತ್ರ ತಿಳಿದಿರುವವರು ಈ ಭೇದವನ್ನು ಗಮನಿಸಬೇಕು. ದುಡಿದದ್ದೆಲ್ಲ ಕಾಯಕವಲ್ಲ, ದುಡಿಸಿಕೊಂಡದ್ದಂತೂ ಅಲ್ಲವೇ ಅಲ್ಲ.

ಈ ಸುದ್ದಿ ಹೊರಬಿದ್ದ ಮೇಲೆ ಕಂಪನಿಗಳು ಎರಡು ಬಗೆಯಾಗಿ ನಡೆದುಕೊಂಡವು. ಕೆಲವರು ಭಾರತದ ಮೈಕಾ ಬೇಡವೆಂದು ಪ್ರಯೋಗಶಾಲೆಯಲ್ಲಿ ಮಾಡಿದ ಕೃತಕ ಅಭ್ರಕಕ್ಕೆ ಹೋದರು. ಮತ್ತೆ ಕೆಲವರು 2017ರಲ್ಲಿ ಪ್ಯಾರಿಸ್ಸಿನಲ್ಲಿ ‘ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್’ ಎಂಬ ಒಕ್ಕೂಟವನ್ನು ಕಟ್ಟಿ, ಯಾವ ಊರಿನ ಚೂರು ಯಾವ ಕಾರಖಾನೆಗೆ ಹೋಗುತ್ತದೆಂಬುದನ್ನು ಗುರುತಿಸುವ, ಆ ಹಳ್ಳಿಗಳ ಜನಕ್ಕೆ ನೆರವಾಗುವ ಕೆಲಸಕ್ಕೆ ತೊಡಗಿದರು. ಮೊದಲಿನವರ ಡಬ್ಬಿ ಬೇಗನೆ ಶುದ್ಧವಾಯಿತು, ಎರಡನೆಯವರದು ಇನ್ನೂ ಸಂದೇಹದಲ್ಲಿದೆ. ಆದರೂ ಧರ್ಮದೃಷ್ಟಿಯಿಂದ ನನಗೆ ಎರಡನೆಯವರೇ ಮೇಲೆನಿಸುತ್ತಾರೆ. ಕೈ ತೊಳೆದುಕೊಂಡು ಎದ್ದುಹೋಗುವದು ಸುಲಭ, ಕೆಡಿಸಿದ್ದನ್ನು ಸರಿಪಡಿಸಲು ಅಲ್ಲಿಯೇ ನಿಲ್ಲುವದು ಕಷ್ಟ.

ನಮ್ಮದೇ ನಾಡಿನ ಸಾಬೂನಿಗೆ ಬರೋಣ. ಮೊದಲ ಮಹಾಯುದ್ಧದಿಂದ ಮೈಸೂರಿನ ಶ್ರೀಗಂಧವು ಯುರೋಪಿಗೆ ಹೋಗುವದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಗಂಧದೆಣ್ಣೆ ತೆಗೆಯುವ ಉದ್ಯಮ ಆರಂಭವಾಯಿತು. ಎಸ್. ಜಿ. ಶಾಸ್ತ್ರಿಗಳ ಪರಿಶ್ರಮದಿಂದ 1918ರಲ್ಲಿ ಮೈಸೂರು ಸ್ಯಾಂಡಲ್ ಸಾಬೂನು ಹೊರಬಂತು. ಆನೆಯ ತಲೆ, ಸಿಂಹದ ಮೈಯ ಶರಭವು ಅದರ ಲಾಂಛನ. 1980ರಲ್ಲಿ ಅದು ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಎಂಬ ಸರಕಾರೀ ಕಂಪನಿಯಾಯಿತು. ಲಾಭವು ರಾಜ್ಯದ ಬೊಕ್ಕಸಕ್ಕೆ ಸಲ್ಲುವ, ನೂರು ವರ್ಷ ದಾಟಿದ ಇಂಥ ಸಾಬೂನನ್ನು ಯಾವ ಕನ್ನಡಿಗನು ಅಭಿಮಾನದಿಂದ ನೋಡುವದಿಲ್ಲ?

ಆದರೆ ಅಂಗಳವು ಬಸವಣ್ಣನವರದಾದರೂ ಲಕ್ಕಮ್ಮ ಕೇಳಿದಳಲ್ಲವೇ? ಗಂಧದೆಣ್ಣೆ ಹೂವಿನಂತೆ ಬಿಡಿಸಿಕೊಳ್ಳುವ ವಸ್ತುವಲ್ಲ. ಅದಿರುವದು ಮರದ ಚೇಗಿನಲ್ಲಿ, ಬೇರಿನಲ್ಲಿ. ಮರವನ್ನು ಬುಡಸಹಿತ ಕಿತ್ತರೇ ದೊರೆಯುತ್ತದೆ. ಟೀಪೂ ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ 2001ರ ಕಾಯಿದೆಯ ತಿದ್ದುಪಡಿಯವರೆಗೆ ರೈತನ ಹೊಲದಲ್ಲಿ ಹುಟ್ಟಿದ ಗಂಧವೂ ಸರಕಾರದ್ದೇ ಆಗಿತ್ತು. ತನ್ನದಲ್ಲದ ಮರವನ್ನು ಕಾಯ್ದು ರೈತನಿಗೆ ಬರುವದೇನು, ಪೋಲೀಸರ ವಿಚಾರಣೆಯ ಹೊರತು? ಆದ್ದರಿಂದ ಸಸಿಯನ್ನು ಮೊಳಕೆಯಲ್ಲೇ ಕಿತ್ತೆಸೆಯುವ ಪದ್ಧತಿ ಬೆಳೆಯಿತು, ಕಾಡಿನಲ್ಲಿ ಕಳ್ಳಸಾಗಣೆ ಬೆಳೆಯಿತು, ಅದರ ಹಿಂದೆ ಕೊಲೆಗಳೂ ಬಂದವು. ಈಗ ರೈತರು ತಮ್ಮ ಹೊಲದಲ್ಲಿ ಗಂಧವನ್ನು ಬೆಳೆಸಬಹುದು, ಬೆಳೆಸಿರೆಂದು ಈ ಕಂಪನಿಯೇ ಪ್ರೋತ್ಸಾಹಿಸುತ್ತಿದೆ. ಇದು ಮೆಚ್ಚತಕ್ಕ ಕಾರ್ಯ. ಇನ್ನೊಂದು ಕಡೆ, ಇದೇ ಕಂಪನಿಯ ಕಚ್ಚಾವಸ್ತು ಖರೀದಿಯ ಗುತ್ತಿಗೆಗೆ ಸಂಬಂಧಿಸಿದ ಲಂಚದ ಆರೋಪದ ಮೇಲೆ 2023ರ ಮಾರ್ಚಿನಲ್ಲಿ ಲೋಕಾಯುಕ್ತ ಪೋಲೀಸರು ದಾಳಿ ನಡೆಸಿದ್ದನ್ನೂ ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಆದರೆ ಆ ಸಾಬೂನಿನ ಹೆಸರಿನಲ್ಲಿ ನಾಡಿನಲ್ಲಿ ಎದ್ದ ದೊಡ್ಡ ಗದ್ದಲವೆಂದರೆ 2025ರಲ್ಲಿ ಆರು ಕೋಟಿಗೂ ಮಿಕ್ಕಿದ ಸಂಭಾವನೆಗೆ ಪ್ರಚಾರಕ್ಕಾಗಿ ಪರಭಾಷೆಯ ನಟಿಯನ್ನು ಗೊತ್ತುಮಾಡಿದರೆಂಬುದು! ಮುಖ ಯಾರದೆಂದು ಕೇಳಿದವರು ಸಾವಿರಾರು. ಗಂಧದ ಕಟ್ಟಿಗೆ ಯಾವ ಕಾಡಿನದು, ತಾಳೆಯೆಣ್ಣೆ ಯಾವ ತೋಟದ್ದು, ರೈತನಿಗೆ ಸಿಕ್ಕ ಬೆಲೆ ಎಷ್ಟು ಎಂದು ಕೇಳಿದವರು ಎಷ್ಟು ಮಂದಿ? ಸರಕಾರೀ ಕಂಪನಿಯಾದ್ದರಿಂದ ಈ ಪ್ರಶ್ನೆಗಳಿಗೆ ಉತ್ತರವನ್ನು ಕಾಯಿದೆಯ ಪ್ರಕಾರವೇ ಕೇಳಿ ಪಡೆಯುವ ಹಕ್ಕು ನಮಗಿದೆ. ಖಾಸಗಿ ಕಂಪನಿಯ ವಿಷಯದಲ್ಲಿ ಆ ಹಕ್ಕಿಲ್ಲ. ಇರುವ ಹಕ್ಕನ್ನು ಬಳಸದೆ ಅಭಿಮಾನವನ್ನಷ್ಟೇ ಹಚ್ಚಿಕೊಂಡರೆ ಅದು ಭಕ್ತಿಯಲ್ಲ, ಮುಗ್ಧತೆ.

ವಸ್ತು ಶುದ್ಧ, ದುಡಿದವರಿಗೆ ಕೂಲಿ ಸರಿಯಾಗಿ ಸಂದಿದೆ, ಪ್ರಾಣಿಹಿಂಸೆಯೂ ಇಲ್ಲ ಎಂದಿಟ್ಟುಕೊಂಡರೂ ಕಂಪನಿಯು ಮಾರುವದೇನು ಎಂಬ ಪ್ರಶ್ನೆ ಉಳಿಯುತ್ತದೆ. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ ಎಂಬ ಕ್ರೀಮು ಬಂತು. ಕಪ್ಪು ಮೈಯ ಹುಡುಗಿಗೆ ನೌಕರಿ ಸಿಗದು, ವರ ಸಿಗನು, ಕ್ರೀಮು ಹಚ್ಚಿದರೆ ಎರಡೂ ಸಿಗುವವೆಂಬ ಚಿತ್ರಗಳನ್ನು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ನಮ್ಮ ಮನೆಗಳು ನೋಡಿದವು. 2020ರಲ್ಲಿ ಹೆಸರನ್ನು ‘ಗ್ಲೋ ಅಂಡ್ ಲವ್ಲಿ’ ಎಂದು ಬದಲಿಸಿದರು. ಡಬ್ಬಿ ಬದಲಾಯಿತು, ಆ ಡಬ್ಬಿ ಮನೆಮನೆಯಲ್ಲಿ ಬಿತ್ತಿದ ಕೀಳರಿಮೆ ಬದಲಾಯಿತೇ? ಕುಲದ ಮೇಲುಕೀಳನ್ನು ಅಳಿಸಲು ಹೊರಟ ಶರಣರ ಮಕ್ಕಳು ಹೆಣ್ಣು ನೋಡಲು ಹೋದಾಗ ‘ಹುಡುಗಿ ಕಪ್ಪು’ ಎಂದು ಎದ್ದುಬರುವದನ್ನು ಬಿಟ್ಟಿದ್ದಾರೆಯೇ? ಈ ಪಾಪದಲ್ಲಿ ಕಂಪನಿಗೆ ಅರ್ಧ ಪಾಲಾದರೆ ನಮಗೆ ಉಳಿದರ್ಧ. ನಮ್ಮಲ್ಲಿ ಆ ಭಯವಿಲ್ಲದಿದ್ದರೆ ಅವರಿಗೆ ಮಾರಲು ಸರಕೇ ಇರುತ್ತಿರಲಿಲ್ಲ.

ಕಂಪನಿಯ ಒಂದು ಕೈಯನ್ನು ನೋಡಿ ಇನ್ನೊಂದನ್ನು ನೋಡದಿರುವದೂ ತಪ್ಪಾದೀತು. ಪಾಂಡ್ಸ್ ಎಂಬ ಹೆಸರು ನಮ್ಮ ಹೆಣ್ಣುಮಕ್ಕಳಿಗೆ ಪೌಡರಿನ ಹೆಸರಾಗಿ ಪರಿಚಿತ. ಅದೇ ಕಂಪನಿ ಕೊಡೈಕನಾಲಿನಲ್ಲಿ ಜ್ವರಮಾಪಕ ತಯಾರಿಸುವ ಪಾದರಸದ ಕಾರಖಾನೆಯನ್ನು ನಡೆಸುತ್ತಿತ್ತೆಂಬುದು ಎಷ್ಟು ಜನಕ್ಕೆ ಗೊತ್ತು? ಮುಂದೆ ಅದು ಹಿಂದುಸ್ತಾನ್ ಲೀವರಿನ ವಶವಾಯಿತು. ಪಾದರಸದ ಒಡಕು ಗಾಜು ಊರಿನ ಗುಜರಿಯಲ್ಲಿ ಸಿಕ್ಕಿದ್ದರಿಂದ 2001ರಲ್ಲಿ ಮುಚ್ಚಿತು. ದುಡಿದಿದ್ದ 591 ಕಾರ್ಮಿಕರೊಡನೆ ಒಪ್ಪಂದವಾಗಲು 2016 ಬರಬೇಕಾಯಿತು. ಹದಿನೈದು ವರ್ಷ! ಪೌಡರಿನಲ್ಲಿ ಪಾದರಸವಿರಲಿಲ್ಲ, ಅದು ನಿಜ. ಆದರೆ ಕಂಪನಿಯೆಂಬ ಕಾಯ ಒಂದೇ. ಇನ್ನು ಇಂಗ್ಲೆಂಡಿನ ‘ಬಾಡಿ ಶಾಪ್’ ಪ್ರಾಣಿದಯೆಯ ಹೆಸರಿನಲ್ಲಿಯೇ 1976ರಲ್ಲಿ ಹುಟ್ಟಿ ಬೆಳೆದದ್ದು. 2006ರಲ್ಲಿ ದೊಡ್ಡ ಕಂಪನಿಯಾದ ಲೋರಿಯಲ್‌ಗೆ ಮಾರಾಟವಾದಾಗ ಅದನ್ನು ನಂಬಿ ಕೊಳ್ಳುತ್ತಿದ್ದವರೇ ಬೇಸರಗೊಂಡರು. ಒಡೆಯನು ಬದಲಾದರೆ ಪ್ರತಿಜ್ಞೆ ಯಾರದು? ಆದಕಾರಣ ಡಬ್ಬಿಯ ಮೇಲಿನ ದೊಡ್ಡ ಹೆಸರನ್ನಷ್ಟೇ ಓದದೆ ‘ತಯಾರಿಸಿದವರು’ ಎಂಬ ಸಣ್ಣ ಸಾಲನ್ನೂ ಓದಬೇಕು. ಎಷ್ಟೋ ಸಲ ಹೆಸರು ಒಬ್ಬರದು, ತಯಾರಿಕೆ ಇನ್ನೊಬ್ಬರದು. ಹೆಸರಿನವರು ಜಾಹೀರಾತಿನಲ್ಲಿ ಶೀಲವಂತರು, ತಯಾರಿಸಿದವರ ಬಗ್ಗೆ ಯಾರಿಗೂ ಏನೂ ತಿಳಿಯದು.

ಇಷ್ಟೆಲ್ಲ ದೂರದ ಮಾತಾಯಿತು. ತುಂಗಭದ್ರೆಯ ದಂಡೆಗೆ ಬಂದರೆ ಇದೇ ಪ್ರಶ್ನೆ ಇನ್ನೊಂದು ತುದಿಯಿಂದ ಎದುರಾಗುತ್ತದೆ. ಡಬ್ಬಿ ಬರಿದಾದ ಮೇಲೆ, ಮೈ ತೊಳೆದ ಮೇಲೆ, ಅದೆಲ್ಲ ಹೋಗುವದೆಲ್ಲಿಗೆ? ಹಂಪಿಯ ಎದುರಿಗೆ, ನಮ್ಮ ಗಂಗಾವತಿ ತಾಲೂಕಿನ ಕಡೆಗೆ ಇರುವ ವಿರೂಪಾಪುರಗಡ್ಡೆಯನ್ನು ಸುತ್ತಿ ಹರಿಯುವ ನೀರು 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ ನದಿಯನ್ನು ಆ ಪ್ರಾಣಿಗಾಗಿ ಕಾಯ್ದಿಡಲಾಗಿದೆ. ಮೊಲದ ಚಿತ್ರವಿರುವ ಶ್ಯಾಂಪೂವಿನ ಪೊಟ್ಟಣವನ್ನು ಹರಿದು ತಲೆ ತೊಳೆದು, ಬರಿ ಪೊಟ್ಟಣವನ್ನು ಅದೇ ಹೊಳೆಗೆ ಎಸೆದರೆ ಮೊಲಕ್ಕೆ ತೋರಿದ ದಯೆ ನೀರುನಾಯಿಗೆ ಮುಟ್ಟಿತೇ? ಮುಖ ಉಜ್ಜುವ ಕೆಲವು ಕ್ರೀಮುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪ್ಲಾಸ್ಟಿಕ್ ಮಣಿಗಳಿರುತ್ತಿದ್ದವು. ಅಮೆರಿಕವು 2015ರಲ್ಲಿ ಅವುಗಳ ವಿರುದ್ಧ ಕಾಯಿದೆ ಮಾಡಿತು, ನಮ್ಮ ಭಾರತೀಯ ಮಾನಕ ಸಂಸ್ಥೆಯೂ ಅವನ್ನು ಸುರಕ್ಷಿತವಲ್ಲದವುಗಳ ಪಟ್ಟಿಗೆ ಸೇರಿಸಿತು. ಪೊಟ್ಟಣಗಳಿಗೆ ಅಂಥ ಕಟ್ಟು ಇನ್ನೂ ಬಿದ್ದಿಲ್ಲ. ಜಳಕದ ಘಟ್ಟಗಳಲ್ಲಿ ಅವು ಬಿದ್ದಿರುವದನ್ನು ಯಾರೂ ನೋಡಬಹುದು.

ಇದೇ ಗಡ್ಡೆಯು ತೀರ್ಪಿನ ಕಷ್ಟವನ್ನೂ ನಮಗೆ ತೋರಿಸಿಕೊಟ್ಟಿದೆ. ಹಂಪಿಯ ರಕ್ಷಿತ ಪ್ರದೇಶದಲ್ಲಿ ಪ್ರವಾಸಿಗರಿಗಾಗಿ ಅಲ್ಲಿ ಎದ್ದ ವಸತಿಗೃಹಗಳು ಅಕ್ರಮವೆಂದು ಉಚ್ಚ ನ್ಯಾಯಾಲಯವು ಹೇಳಿದ್ದನ್ನು ಸರ್ವೋಚ್ಚ ನ್ಯಾಯಾಲಯವು 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು, ಮಾರ್ಚಿನಲ್ಲಿ ಅವನ್ನು ಕೆಡವಿದರು. ತೀರ್ಪು ನ್ಯಾಯವಾದದ್ದೇ. ಆದರೆ ನಷ್ಟವು ಮಾಲಿಕರಿಗೆ ಮಾತ್ರವಾಗಲಿಲ್ಲ. ಅಲ್ಲಿ ಕಸ ಗುಡಿಸಿ, ಪಾತ್ರೆ ತೊಳೆದು ದಿನಗೂಲಿಯಲ್ಲಿ ಬದುಕಿದ್ದವರ ಪಾಲಿಗೂ ಬಂತು. ಕೋಡರ್ಮಾದಲ್ಲಿ ಕೊಳ್ಳುವವರು ಬಿಟ್ಟುಹೋದಾಗಲೂ ಹೀಗೆಯೇ. ಅಧರ್ಮವೆಂದು ಒಂದನ್ನು ತೊರೆಯುವಾಗ ಅದರ ಅಡಿಯಲ್ಲಿ ಅನ್ನ ಕಂಡುಕೊಂಡಿದ್ದ ಬಡವನ ಲೆಕ್ಕ ಯಾರು ಇಡಬೇಕೆಂಬುದು ಕೋರ್ಟಿನ ಕಾಗದದಲ್ಲಿ ಇರುವದಿಲ್ಲ.

ಹಾಗಾದರೆ ಗೃಹಸ್ಥನು ಏನು ಮಾಡಬೇಕು? ಹೊಲಗದ್ದೆಯಲ್ಲಿ ಭತ್ತದ ಕೆಸರು ತೊಳೆದುಕೊಂಡು ಮನೆಗೆ ಬರುವ ತಾಯಿಗೆ ಹತ್ತು ರೂಪಾಯಿಯ ಸಾಬೂನಿನ ವಂಶಾವಳಿಯನ್ನು ಹುಡುಕಲು ಪುರುಸೊತ್ತೆಲ್ಲಿದೆ? ಅವಳಿಗೆ ಈ ಭಾರವನ್ನು ಹೊರಿಸುವದು ಧರ್ಮವಲ್ಲ. ಭಾರ ಇರುವದು ಹತ್ತು ಬಗೆಯ ಡಬ್ಬಿಗಳಲ್ಲಿ ಒಂದನ್ನು ಆರಿಸುವ ಅನುಕೂಲವುಳ್ಳವರ ಮೇಲೆ. ಅಂಥವರು ಎಲ್ಲವನ್ನೂ ತಿಳಿಯಲಾರರಾದರೂ ಕಂಪನಿಯು ಹೇಳಿಕೊಳ್ಳುವ ಒಳ್ಳೆಯತನವು ಕಾಯಿದೆ ಕೇಳಿದ್ದಕ್ಕಿಂತ ಒಂದು ಕೂದಲಷ್ಟಾದರೂ ಮುಂದಿದೆಯೇ, ಅದಕ್ಕಾಗಿ ಅದು ಏನನ್ನಾದರೂ ಕಳೆದುಕೊಂಡಿದೆಯೇ, ಊರಿನ ಮತ್ತು ಕೈಗಳ ಹೆಸರು ಹೇಳುತ್ತದೆಯೇ, ಪತ್ರ ಬರೆದು ಕೇಳಿದರೆ ಉತ್ತರ ಕೊಡುತ್ತದೆಯೇ ಎಂಬುದನ್ನು ನೋಡಬಲ್ಲರು. ಏನೂ ಕಳೆದುಕೊಳ್ಳದೆ ಬಂದ ಶೀಲವನ್ನು ನಾನಂತೂ ನಂಬಲಾರೆ. ಆ ಮೇಲೆ ಲಕ್ಕಮ್ಮ ಮಾಡಿದ ಕೆಲಸ ಉಳಿಯುತ್ತದೆ. ಅವಳು ಬಸವಣ್ಣನವರನ್ನು ನಿಂದಿಸಲಿಲ್ಲ, ಮಾರಯ್ಯನನ್ನು ಹೊರಗೆ ಹಾಕಲಿಲ್ಲ, ಬೇಕಾದಷ್ಟನ್ನು ಇಟ್ಟುಕೊಂಡು ಹೆಚ್ಚಿನದನ್ನು ತಿರುಗಿ ಕಳಿಸಿದಳು. ಕನ್ನಡಿಯ ಮುಂದಿನ ಡಬ್ಬಿಗಳನ್ನು ಎಣಿಸಿ ನೋಡಿದರೆ ತಿರುಗಿ ಕಳಿಸಬೇಕಾದವು ಎಷ್ಟೆಂದು ಅವರವರಿಗೇ ತಿಳಿದೀತು.

ಮನೆಯಲ್ಲೇ ಮಾಡಿಕೊಂಡರೆ ಈ ತೊಡಕು ತಪ್ಪುವದೆಂದು ಹಿರಿಯರು ಹೇಳುವದುಂಟು. ಸೀಗೆಕಾಯಿ, ಅಂಟವಾಳ, ಕಡಲೆಹಿಟ್ಟು ಒಳ್ಳೆಯವೇ. ಆದರೆ ಅವನ್ನು ಕುಟ್ಟಿ ಜರಡಿ ಹಿಡಿಯುವವರು ಯಾರೆಂದು ಕೇಳಿದರೆ ಉತ್ತರ ಬಹುಶಃ ‘ಸೊಸೆ’ ಎಂದಿರುತ್ತದೆ. ಅವಳ ದುಡಿಮೆಗೂ ಅದೇ ಅಳತೆಗೋಲು ಸಲ್ಲುತ್ತದೆ.

ಕೊನೆಗೆ ನಮ್ಮ ಹಣೆಯ ಮಾತು. ಕುಂಕುಮವೆಂದರೆ ಅರಿಸಿನಕ್ಕೆ ಸುಣ್ಣ ಬೆರೆಸಿ ಕೆಂಪಾಗಿಸಿದ್ದು ಎಂಬ ಕಾಲ ಹೋಗಿ ಈಗ ಪೇಟೆಯಲ್ಲಿ ಬಣ್ಣದ ಪುಡಿಯೇ ಹೆಚ್ಚು. ಅದರಿಂದ ಹಣೆಯ ಚರ್ಮ ಕೆಡುವದು ವೈದ್ಯರಿಗೆ ಪರಿಚಿತ. ಅಮೆರಿಕದಲ್ಲಿ ಮತ್ತು ನಮ್ಮಲ್ಲಿ ಕೊಂಡ ಸಿಂಧೂರವನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯಲ್ಲಿ ಹೆಚ್ಚಿನ ಮಾದರಿಗಳಲ್ಲಿ ಸೀಸವಿತ್ತು. ಇನ್ನು ವಿಭೂತಿ. ಅಷ್ಟಾವರಣಗಳಲ್ಲಿ ಒಂದಾದ ಅದನ್ನು ಸಗಣಿಯ ಬೆರಣಿಯನ್ನು ವಿಧಿಪೂರ್ವಕ ಸುಟ್ಟು, ಸೋಸಿ, ಗಟ್ಟಿ ಕಟ್ಟಬೇಕು. ಬಹಳ ದಿನಗಳ ಕೆಲಸ. ಬಿಳಿಯಾಗಿ ನುಣುಪಾಗಿರುವದೆಲ್ಲ ಬೂದಿಯಲ್ಲ, ಆದರೆ ನಾವು ಆರಿಸುವದು ಬಿಳುಪನ್ನೇ. ಇತರರ ಡಬ್ಬಿಯನ್ನು ಇಷ್ಟು ಹೊತ್ತು ತಿರುಗಿಸಿ ಮುರುಗಿಸಿ ನೋಡಿದ ಮೇಲೆ ಇದನ್ನೂ ಕೇಳಬೇಕಾಗುತ್ತದೆ. ಜಾತ್ರೆಯ ಸಾಲಂಗಡಿಯಲ್ಲಿ ವಿಭೂತಿಯ ಗಟ್ಟಿಯನ್ನು ಕೈಗೆತ್ತಿಕೊಂಡು ‘ಇದನ್ನು ಮಾಡಿದವರು ಯಾರು?’ ಎಂದು ವಿಚಾರಿಸಿದರೆ ಅಂಗಡಿಯವನು ತಾನು ಸರಕು ತಂದ ಪೇಟೆಯ ಹೆಸರನ್ನು ಹೇಳುತ್ತಾನೆ, ಮಾಡಿದವನ ಹೆಸರು ಅವನಿಗೂ ಗೊತ್ತಿರುವದಿಲ್ಲ.